ನಿಮ್ಮ ನೆಲ ಮುಟ್ಟದ ಒಲೆ

ಅತ್ತೆ,

ಮಾತೃಸಮಾನರಾದ ಅತ್ತೆಯವರಿಗೆ ಸೊಸೆ ಮಾಡುವ ಸಾಷ್ಟಾಂಗ ನಮಸ್ಕಾರಗಳು ಎಂದು ಶುರು ಮಾಡುವುದು ಪದ್ಧತಿ. ನನ್ನ ಕೈಯಲ್ಲಿ ಆಗುವುದಿಲ್ಲ. ನೀವು ನನಗೆ ತಾಯಿಯೂ ಆಗಲಿಲ್ಲ, ಸಮಾನವೂ ಆಗಲಿಲ್ಲ. ಬದುಕಿದ್ದಾಗ ನಿಮ್ಮೆದುರು ನಿಂತು ಆಡಲಾಗದ ಮಾತನ್ನು ಆಡಲು ಕೂತಿದ್ದೇನೆ. ಈಗಲಾದರೂ ನಡುವೆ ಬಾಯಿ ಹಾಕಬೇಡಿ.

ಮದುವೆಯಾಗಿ ಅಜ್ಜಂಪುರದ ಈ ಮನೆಗೆ ಬಂದ ಮಾರನೆಯ ದಿನ ನೆನಪಿದೆಯೇ? ಬೆಳಿಗ್ಗೆ ಬೇಗ ಎದ್ದು, ತಲೆಗೆ ನೀರು ಹಾಕಿಕೊಂಡು, ನಿಮ್ಮ ಮಣ್ಣಿನ ಒಲೆಯ ಮುಂದೆ ಕೂತು ಬೆಂಕಿಕಡ್ಡಿ ಗೀರಲು ಹೋದೆ. ನೀವು ರಟ್ಟೆ ಹಿಡಿದು ಎಬ್ಬಿಸಿದಿರಿ. "ಅಲ್ಲೈತಲ್ಲ ಗ್ಯಾಸು, ಅದು ನಿಂದು. ಈ ಒಲೆ ನಮ್ಮತ್ತೆ ಕೊಟ್ಟಿದ್ದು. ನಾನಿರೋಗಂಟ ಯಾರೂ ಮುಟ್ಟಂಗಿಲ್ಲ ಕಣೇ" ಎಂದಿರಿ. ದಿನಾ ನೀವೇ ಅದನ್ನು ಸಗಣಿಯಲ್ಲಿ ಸಾರಿಸಿ, ರಂಗೋಲಿ ಎಳೆದು, ವಿಭೂತಿ ಹಚ್ಚುತ್ತಿದ್ದಿರಿ. ನಾನು ಗ್ಯಾಸಿನ ಮೇಲೆ ಕಾಫಿ ಕಾಯಿಸುತ್ತಾ ನಿಮ್ಮ ಬೆನ್ನು ನೋಡುತ್ತಿದ್ದೆ. ಬಂದವರಿಗೆಲ್ಲ ನೀವು ನನ್ನ ಹೆಸರು ಹೇಳಿದ್ದು ಕಡಿಮೆ. "ಬನ್ನು ಮಾರೋರ ಮಗಳು" ಎನ್ನುತ್ತಿದ್ದಿರಿ. ಹೌದು, ನಮ್ಮಪ್ಪ ಕಡೂರು ಸ್ಟೇಷನ್ ಹತ್ತಿರ ಬೇಕರಿ ಇಟ್ಟಿದ್ದರು. ಸೌದೆ ಭಟ್ಟಿಯ ಬಾಯಿ ಮುಂದೆ ಬೆಳೆದವಳು ನಾನು. ಬೆಂಕಿಯ ಮುಂದೆ ಕೂರುವ ಯೋಗ್ಯತೆ ನನಗಿಲ್ಲ ಎಂದು ನೀವು ಹೇಗೆ ತೀರ್ಮಾನ ಮಾಡಿದಿರೋ...

ಮಗಳು ಚಂದನ ಶಿವಮೊಗ್ಗದಲ್ಲಿ ಗೆಳತಿಯರ ಜೊತೆ ಪಿಜ್ಜಾ ತಿಂದು ಬಂದು, "ಅಮ್ಮ, ಇದನ್ನ ಸೌದೆ ಭಟ್ಟೀಲೇ ಸುಡ್ತಾರೆ, ತಾತನ ಬೇಕರಿ ಥರಾನೇ" ಎಂದ ದಿನವೇ ನನಗೆ ಹುಚ್ಚು ಹಿಡಿದಿದ್ದು. ತರೀಕೆರೆಯಲ್ಲೂ ಕಡೂರಿನಲ್ಲೂ ಹುಟ್ಟಿದ ಹಬ್ಬ, ನಾಮಕರಣ ಎಂದರೆ ಜನ ಹೊಸದೇನಾದರೂ ಕೇಳುತ್ತಾರೆ. ಪಿಜ್ಜಾ ಸುಟ್ಟು ಮಾರಲು ಹಿತ್ತಿಲ ಮೂಲೆಯಲ್ಲಿ ಒಂದು ಭಟ್ಟಿ ಕಟ್ಟಿಕೊಳ್ಳಲೇ ಎಂದು ನಿಮ್ಮನ್ನು ಕೇಳಿದೆ. ಕೇಳಿದ್ದಷ್ಟೇ! ನೀವು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಬೀದಿಗೆ ಹೋದಿರಿ. "ನನ್ ಸೊಸೆ ಬ್ಯಾರೆ ಒಲೆ ಹೂಡ್ತಾವ್ಳೆ ಕಣ್ರಪ್ಪೋ! ಇರೋನೊಬ್ಬ ಮಗ, ಅವನ ಮನೇನೂ ಎರಡು ಮಾಡ್ತಾವ್ಳೆ!" ನಮ್ಮ ಕಡೆ ಅಣ್ಣತಮ್ಮಂದಿರು ಪಾಲಾದರೆ ಮೊದಲು ಒಲೆ ಬೇರೆಯಾಗುತ್ತದೆ, ಗೊತ್ತು. ಆದರೆ ನಾನು ಕೇಳಿದ್ದು ಪಾಲಲ್ಲ ಅತ್ತೆ, ಭಟ್ಟಿ. ಏನು ಬೇಯಿಸುತ್ತೀಯ ಎಂದಾದರೂ ಕೇಳಿದಿರಾ? "ನನ್ ನೆಲದ ಮೇಲೆ ಎರಡನೇ ಒಲೆ ಕೂರಂಗಿಲ್ಲ" ಎಂದು ಬಾಗಿಲು ಹಾಕಿಕೊಂಡಿರಿ.

ಆ ಸಂಜೆ ಹಿತ್ತಿಲಲ್ಲಿ ಅಳುತ್ತಾ ನಿಂತಿದ್ದಾಗ ಕಣ್ಣಿಗೆ ಬಿದ್ದಿದ್ದು ಹಳೆಯ ಟ್ರೈಲರ್. ಗದ್ದೆ ಉಳುವ ಟಿಲ್ಲರ್ ಮಾರಿದ ಮೇಲೆ ತುಕ್ಕು ಹಿಡಿದು ಕೂತಿತ್ತು, ಅದರಲ್ಲಿ ನಿಮ್ಮ ಕೋಳಿಗಳು ಮೊಟ್ಟೆ ಇಡುತ್ತಿದ್ದವು. ನೆಲದ ಮೇಲೆ ತಾನೇ ಬೇಡ? ಸರಿ, ಚಕ್ರದ ಮೇಲೆ ಕಟ್ಟುತ್ತೇನೆ ಎಂದುಕೊಂಡೆ. ಅಮ್ಮನಿಗೂ ಹೆಂಡತಿಗೂ ಹೆದರುವ ನಿಮ್ಮ ಮಗ ಯಾರಿಗೆ ಹೆಚ್ಚು ಹೆದರಬೇಕು ಎಂದು ಒಂದು ವಾರ ಯೋಚಿಸಿ, ಕೊನೆಗೆ ತಳಕ್ಕೆ ಕಬ್ಬಿಣದ ತಗಡು ವೆಲ್ಡಿಂಗ್ ಮಾಡಿಸಿಕೊಟ್ಟರು. ಮರಳು ಹಾಸಿ, ಇಟ್ಟಿಗೆ ಜೋಡಿಸಿದೆ. ಗುಮ್ಮಟದ ಅಚ್ಚಿಗೆ ನೀವು ಸಗಣಿ ಹೊರುವ ಮಂಕರಿ ಬುಟ್ಟಿಯನ್ನೇ ಬೋರಲು ಹಾಕಿದೆ. ಬೇಕೆಂದೇ ಅದನ್ನು ತೆಗೆದುಕೊಂಡೆ. ಅದರ ಮೇಲೆ ಹುತ್ತದ ಮಣ್ಣು, ಭತ್ತದ ಹೊಟ್ಟು, ಬೆಲ್ಲದ ನೀರು ಕಲಸಿ ಇಟ್ಟಿಗೆ ಕೂರಿಸಿದೆ. ನೀವು ಚೌಳಹಿರಿಯೂರಿನ ತಂಗಿ ಪುಟ್ಟಮ್ಮನಿಗೆ ಫೋನ್ ಮಾಡಿ, ನನಗೆ ಕೇಳಲೆಂದೇ ಕೂಗಿ ಹೇಳುತ್ತಿದ್ದಿರಿ: "ಅದು ನಮ್ಮನೆ ಒಲೆ ಅಲ್ಲ ಕಣೇ ಪುಟ್ಟಿ. ಯಾರು ಕೇಳಿದ್ರೂ ಇದೇ ಹೇಳ್ತೀನಿ. ಅವಳದು ಬ್ಯಾರೆ ಒಲೆ."

ಮೊದಲ ಸಲ ಬೆಂಕಿ ಹಾಕಿದ ದಿನ ನಾನು ಮಾಡಿದ ತಪ್ಪು ಬೇಕರಿಯವರ ಮಗಳು ಮಾತ್ರ ಮಾಡುವಂಥದ್ದು. ಅಪ್ಪನ ಭಟ್ಟಿ ನಾನು ಹುಟ್ಟುವ ಮೊದಲೇ ಉರಿಯುತ್ತಿತ್ತು, ಆರಿದ್ದನ್ನು ನಾನು ಕಂಡವಳಲ್ಲ. ಭಟ್ಟಿ ಎಂದರೆ ಬಾಯಿ ತುಂಬ ಸೌದೆ ತುಂಬಿ ಧಗಧಗ ಉರಿಸುವುದು ಅಂತಲೇ ನನ್ನ ತಲೆಯಲ್ಲಿ. ಹಸಿ ಮಣ್ಣಿಗೆ ಹಾಗೆ ಉರಿಸಿದೆ. ಮಧ್ಯಾಹ್ನದ ಹೊತ್ತಿಗೆ ಬಾಯಿಂದ ಬೆನ್ನಿನವರೆಗೆ ಪಟ್ಟೆಂದು ಸೀಳು ಬಿತ್ತು. ನೀವು ಹಿತ್ತಿಲ ಬಾಗಿಲಲ್ಲಿ ನಿಂತು ನಕ್ಕಿರಿ. "ಹಸಿ ಬಾಣಂತೀನ ಗದ್ದೆಗೆ ಇಳಿಸಿದಂಗಾಯ್ತು. ಕಾಯಿಸ್ಬೇಕು, ಉರಿಸೋದಲ್ಲ. ಬನ್ನು ಮಾರೋರ್ಗೆ ಎಲ್ಲಿ ತಿಳೀಬೇಕು?"

ಆ ಮಾತು ನನಗೆ ಎಲ್ಲಿ ನಾಟಿತು ಗೊತ್ತೇ? ಅಮ್ಮ ಇಲ್ಲದವಳು ಎಂದು ನನ್ನ ಬಾಣಂತನ ಇದೇ ಮನೆಯಲ್ಲಿ ಆಯಿತು. ಮಗುವಿನ ಹೊಕ್ಕುಳ ಒಣಗುವ ಮೊದಲೇ ನನ್ನ ಕೈಲಿ ಕೊಟ್ಟಿಗೆ ಬಾಚಿಸಿದಿರಿ. ಹಸಿ ಮೈ ಎಂಬ ಮಾತು ಅವತ್ತು ಎಲ್ಲಿ ಹೋಗಿತ್ತು? ಮಣ್ಣಿನ ಮೇಲೆ ಬಂದ ಕರುಣೆ ಮನುಷ್ಯಳ ಮೇಲೆ ಯಾಕೆ ಬರಲಿಲ್ಲ? ಆದರೂ ನೀವು ಹೇಳಿದಂತೆಯೇ ಮಾಡಿದೆ. ಹೊಟ್ಟೆ ಉರಿದುಕೊಂಡೇ ಮಾಡಿದೆ. ಸೀಳಿಗೆ ಮಣ್ಣು ಮೆತ್ತಿ, ಮೊದಲು ಬರೀ ಕೆಂಡ, ಆಮೇಲೆ ಸಣ್ಣ ಪುರಲೆ ಕಡ್ಡಿ, ಆಮೇಲೆ ತೆಂಗಿನ ಚಿಪ್ಪು. ರಾತ್ರಿ ಶೀತಕ್ಕೆ ಕಂಬಳಿ ಹೊದಿಸಿದೆ. ನನಗೆ ಸಿಗದ ಬಾಣಂತನ ಆ ಒಲೆಗೆ ಸಿಕ್ಕಿತು. ಇವತ್ತಿಗೂ ಒಂದು ಕೂದಲೆಳೆ ಬಿರುಕಿಲ್ಲ.

ತರೀಕೆರೆಯಿಂದ ಮೊದಲ ದೊಡ್ಡ ಆರ್ಡರ್ ಬಂದ ಬೆಳಿಗ್ಗೆ ನನ್ನ ಒಣ ಸೌದೆ ಪೂರಾ ತೊಪ್ಪೆಯಾಗಿತ್ತು. ಕೊಡಪಾನ ಅಲ್ಲೇ ಉರುಳಿತ್ತು. "ಕೈ ಜಾರ್ತು" ಎಂದಿರಿ. ಬಾವಿಗೂ ಸೌದೆ ರಾಶಿಗೂ ಎಷ್ಟು ದೂರ ಅತ್ತೆ? ಅಷ್ಟು ದೂರ ಹೋಗಿ ಜಾರುವ ಕೈ ಅದೆಂಥದ್ದು? ಅಟ್ಟದ ಮೇಲಿದ್ದ ಚಿಪ್ಪೆಲ್ಲ ಇಳಿಸಿ, ಗೂಡ್ಸ್ ಟೆಂಪೋಗೆ ಟ್ರೈಲರ್ ಕಟ್ಟಿಸಿಕೊಂಡು ಹೋದೆ. ಸುಟ್ಟೆ. ಮಕ್ಕಳು ಕುಣಿದು ತಿಂದವು. ಆಮೇಲೆ ಕಡೂರು ಕರೆಯಿತು, ಅಮೃತಾಪುರ ಕರೆಯಿತು. ನೀವು ಮಾತ್ರ ಒಂದು ಚೂರು ಬಾಯಿಗೆ ಹಾಕಲಿಲ್ಲ. "ಸೀದ ರೊಟ್ಟಿ ಮೇಲೆ ಕೆಟ್ಟ ಮೊಸರು" ಎಂದಿರಿ. ತಿನ್ನದೇ ರುಚಿ ಹೇಳುವ ನಾಲಿಗೆ ನಿಮ್ಮದೊಂದೇ.

ಇನ್ನು ನಿಮಗೆ ಗೊತ್ತಿಲ್ಲದ ಸುದ್ದಿ. ಅವತ್ತು ಬೆಳಿಗ್ಗೆ ನೀವು ಒಲೆ ಸಾರಿಸಿ, ರಂಗೋಲಿಯ ಎಳೆ ಅರ್ಧಕ್ಕೆ ಬಿಟ್ಟು ಗೋಡೆಗೆ ಒರಗಿದಿರಿ. ನಾನು ಕಾಫಿ ಲೋಟ ಹಿಡಿದು ನಿಂತಿದ್ದೆ, ನೀವು ತಿರುಗಿ ನೋಡಲಿಲ್ಲ. ಅದು ಹೊಸದೇನಲ್ಲವಲ್ಲ, ಅದಕ್ಕೇ ನನಗೂ ತಿಳಿಯುವುದು ತಡವಾಯಿತು. ಹುಬ್ಬಳ್ಳಿಯಿಂದ ನಿಮ್ಮ ತಮ್ಮ ರೈಲಿನಲ್ಲಿ ಬರುವವರೆಗೆ ಮಣ್ಣು ಮಾಡುವಂತಿರಲಿಲ್ಲ. ಮಣ್ಣಾಗುವವರೆಗೆ ಮನೆಯ ಒಲೆ ಹಚ್ಚುವಂತಿಲ್ಲ, ಗ್ಯಾಸೂ ಇಲ್ಲ. ಅಕ್ಕಪಕ್ಕದವರು ನಮ್ಮ ದಾಯಾದಿಗಳೇ, ಅವರ ಒಲೆಯೂ ಆರಿತ್ತು. ಮಿಕ್ಕ ಬೀದಿಯೆಲ್ಲ ಕಡೂರಿಗೆ ಮದುವೆಗೆ ಹೋಗಿತ್ತು. ಚೌಳಹಿರಿಯೂರಿನಿಂದ ಬಂದ ನಿಮ್ಮ ಕಡೆಯವರು ಅಂಗಳದ ತುಂಬ ಕೂತಿದ್ದರು. ಹೊತ್ತು ಏರಿತು, ಮಕ್ಕಳು ಅಳತೊಡಗಿದವು. ಸಕ್ಕರೆ ಕಾಯಿಲೆಯ ಮುದುಕರೊಬ್ಬರು ಬೆವರಿ ಕಂಬಕ್ಕೆ ಒರಗಿದರು.

ಆಗ ನಿಮ್ಮ ತಂಗಿ ಪುಟ್ಟಮ್ಮ ಎದ್ದು ಹಿತ್ತಿಲಿಗೆ ಬಂದರು. ಟ್ರೈಲರನ್ನೇ ನೋಡುತ್ತಾ ನಿಂತರು. "ಏನವ್ವ ರತ್ನ, ಹಿಟ್ಟೈತಾ?" ಎಂದರು. ಅವತ್ತು ಸಂಜೆಯ ಆರ್ಡರಿಗೆ ಕಲಸಿಟ್ಟ ಹಿಟ್ಟಿತ್ತು. ಒಳಗಿಂದ ಯಾರೋ, "ಸತ್ತ ಮನೇಲಿ ಒಲೆ ಹಚ್ಚದು ಅಂದ್ರೆ..." ಎಂದು ರಾಗ ಎಳೆದರು. ಪುಟ್ಟಮ್ಮ ತಿರುಗಿ ಗದರಿದರು: "ಇದು ಈ ಮನೆ ಒಲೆ ಅಲ್ಲ ಕಣಪ್ಪ. ನಮ್ಮಕ್ಕನೇ ಹೇಳವ್ಳೆ, ಒಂದ್ಸಲ ಅಲ್ಲ, ದಿನಾ ಫೋನಲ್ಲಿ ಹೇಳವ್ಳೆ. ನೆಲಾನೇ ಮುಟ್ಟಿಲ್ಲ ನೋಡು ಅದು. ಹಚ್ಚವ್ವ ನೀನು."

ಹಚ್ಚಿದೆ. ಚೀಸ್ ಇಲ್ಲ, ಒಗ್ಗರಣೆ ಇಲ್ಲ, ಬರೀ ರೊಟ್ಟಿ, ಮೇಲೆ ಹುರಿಗಡಲೆ ಪುಡಿ. ನಿಮ್ಮನ್ನು ನಡುಮನೆಯಲ್ಲಿ ಕೂರಿಸಿ ಹೂ ಮುಡಿಸುತ್ತಿದ್ದಾಗ ಹಿತ್ತಿಲಲ್ಲಿ ನಿಮ್ಮ ತವರಿನವರೆಲ್ಲ ಸಾಲಾಗಿ ನಿಂತು ನನ್ನ ಒಲೆಯದನ್ನು ತಿಂದರು. ನೀವು ಬೀದಿಯಲ್ಲಿ ನಿಂತು ಹಾಕಿದ ಶಾಪದಿಂದಲೇ ನಿಮ್ಮವರ ಹೊಟ್ಟೆ ತುಂಬಿತು. ನನಗೆ ಖುಷಿಯಾಯಿತು, ಸುಳ್ಳು ಹೇಳುವುದಿಲ್ಲ. ಗೆದ್ದೆ ಅನ್ನಿಸಿತು. ಆ ಖುಷಿಯಲ್ಲೇ ತಿರುಗಿ ಹಿತ್ತಿಲ ಬಾಗಿಲು ನೋಡಿದೆ. ಅಲ್ಲಿ ನಿಂತು ಏನಾದರೂ ಅನ್ನುವವರು ಯಾರೂ ಇರಲಿಲ್ಲ.

ಮಣ್ಣು ಮಾಡಿ ಬಂದು ಮನೆ ತೊಳೆದ ಮೇಲೆ ನಾನು ಬೆಂಕಿಪೊಟ್ಟಣ ಹುಡುಕುತ್ತಿದ್ದೆ. ಪುಟ್ಟಮ್ಮ ಕೈ ತಡೆದರು. "ಹೋದೋರ ಒಲೇನ ಕಡ್ಡಿ ಗೀರಿ ಹಚ್ಚಬಾರ್ದು. ಬ್ಯಾರೆ ಒಲೆ ಕೆಂಡ ತರ್ಬೇಕು." ಒಡೆದ ಮಡಕೆಯ ಚೂರಿನಲ್ಲಿ ಟ್ರೈಲರಿನಿಂದ ಕೆಂಡ ತಂದು, ನೀವು ರಟ್ಟೆ ಹಿಡಿದು ಎಬ್ಬಿಸಿದ ಅದೇ ಜಾಗದಲ್ಲಿ ಕೂತು ಹಚ್ಚಿದೆ. ಮನೆ ತೊಳೆದ ನೀರು ಒಲೆಗೆ ತಾಗಿರಲಿಲ್ಲ, ಅದರ ಮೇಲೆ ಅರ್ಧ ಎಳೆದ ರಂಗೋಲಿ ಹಾಗೇ ಇತ್ತು. ಅದನ್ನು ನಾನು ಪೂರ್ತಿ ಮಾಡಲಿಲ್ಲ. ನಿಮ್ಮ ಕೆಲಸ ನಾನ್ಯಾಕೆ ಮಾಡಲಿ?

ಮೊನ್ನೆ ನಿಮ್ಮ ಮಗ ಆ ಒಲೆ ಒಡೆಸಿ ಫ್ರಿಜ್ ಇಡೋಣ ಎಂದರು. ಕೂಡದು ಎಂದೆ. ನಿಮ್ಮ ಮೇಲಿನ ಪ್ರೀತಿಗಲ್ಲ, ಹಾಗಂತ ಅಂದುಕೊಳ್ಳಬೇಡಿ. ನಿಮ್ಮನ್ನು ಕ್ಷಮಿಸಿಯೂ ಇಲ್ಲ. ದಿನಾ ಬೆಳಿಗ್ಗೆ ನಾನೇ ಸಾರಿಸುತ್ತೇನೆ, ನಾನೇ ಹಚ್ಚುತ್ತೇನೆ, ಆರಲು ಬಿಡುವುದಿಲ್ಲ. ನಿಮ್ಮತ್ತೆ ಕೊಟ್ಟ ಆ ಒಲೆಯಲ್ಲಿ ಈಗ ಉರಿಯುತ್ತಿರುವುದು ನನ್ನ ಬೆಂಕಿ, ಅತ್ತೆ. ತಾಕತ್ತಿದ್ದರೆ ಕೊಡಪಾನ ಹಿಡಿದು ಬನ್ನಿ. ಬಂದು ಆರಿಸಿ.

ಇಂತಿ,
ಬನ್ನು ಮಾರೋರ ಮಗಳು