ಎರಡನೇ ಭಾಗ ಕೇಳಿದವಳಿಗೆ

ಅಕ್ಕಾ,

ಸಂಶೋಧಕರ ಆ ಜಾಲತಾಣದಲ್ಲಿ ನೀನು ತೀರಿಕೊಂಡ ಮೇಲೂ ತೆರೆದೇ ಇರುವ ನಿನ್ನ ಖಾತೆಯನ್ನು ಮುಚ್ಚಿಬಿಡು ಎಂದು ಅಮ್ಮ ಹೇಳುತ್ತಲೇ ಇದ್ದಳು. ಇವತ್ತು ಅದಕ್ಕೆಂದೇ ಕುಳಿತೆ. ನೋಡಿದರೆ ಯಾರೋ ವಿದ್ಯಾರ್ಥಿನಿ ಬಾವಿ ನೀರಿನ ಕುರಿತ ನಿನ್ನ ಪ್ರಬಂಧ ಕೇಳಿದ್ದಾಳೆ. ಕೊಂಡು ಓದುವ ಶಕ್ತಿ ಅವಳಿಗಿಲ್ಲವಂತೆ.

ವಿಜ್ಞಾನಕ್ಕೆ ಬೀಗ ಜಡಿಯುವವರು ದರೋಡೆಕೋರರು, ಎಲ್ಲವನ್ನೂ ಎಲ್ಲರಿಗೂ ಬಿಚ್ಚಿಡು ಎಂದು ನಾನು ಕೂಗಾಡಿದಾಗ ನೀನು ನಗುತ್ತಿದ್ದೆ. "ಕೇಳಿದೋರಿಗೆಲ್ಲ ಕಳಿಸ್ತಾನೇ ಇದೀನಲ್ಲೋ, ಕ್ರಾಂತಿಕಾರಿ! ಭಾಷಣ ಸಾಕು, ಊಟ ಆರ್ತಿದೆ ಬಾ."

ನಿನ್ನ ಖಾತೆಯಿಂದಲೇ ಅವಳಿಗೆ ಪ್ರಬಂಧ ಕಳಿಸಿದೆ. ಬೀಗ ಜಡಿಯುವವರು ಈಗಲೂ ದರೋಡೆಕೋರರೇ, ಆ ಮಾತಿನಿಂದ ನಾನು ಹಿಂದೆ ಸರಿಯುವುದಿಲ್ಲ. ಆಗಲೇ ಅವಳ ಉತ್ತರ ಬಂತು: "ತುಂಬಾ ಥ್ಯಾಂಕ್ಸ್ ಮೇಡಂ. ನಮ್ಮೂರ ಬಾವಿಗಳನ್ನೂ ಹೀಗೇ ಪರೀಕ್ಷೆ ಮಾಡ್ತೀನಿ. ಇದರ ಎರಡನೇ ಭಾಗ ಯಾವಾಗ ಬರುತ್ತೆ?"

ಆ ಎರಡನೇ ಭಾಗಕ್ಕೆಂದು ನೀನು ತುಂಬಿಸಿ ತಂದ ಬಾವಿ ನೀರಿನ ಬಾಟಲಿಗಳು ನಿನ್ನ ಮಂಚದ ಕೆಳಗೇ ಇವೆ.

ಅಮ್ಮ ನನ್ನ ಹೆಗಲ ಮೇಲಿಂದ ಓದಿದಳು. ಖಾತೆ ಮುಚ್ಚು ಎನ್ನುತ್ತಿದ್ದವಳೇ ಈಗ, "ಸ್ವಲ್ಪ ತಡವಾಗುತ್ತೆ, ಬರೀತಾ ಇದೀನಿ ಅಂತ ಹಾಕೋ" ಎಂದಳು.

ಸುಳ್ಳೆಂದರೆ ಸಿಡಿದೇಳುವವನು ನಾನು. ನೀನಿಲ್ಲ ಎಂದು ಬರೆಯಲು ಹೋದೆ, ಕೈ ಏಳಲಿಲ್ಲ. ಅಮ್ಮ ಹೇಳಿದ್ದನ್ನೇ ಒಂದಕ್ಷರ ಬಿಡದೆ ನಿನ್ನ ಹೆಸರಿನಲ್ಲಿ ಬರೆದು ಕಳಿಸಿದೆ.