ಕುಂಚಿಗೆಯ ಕೆಂಪು ದಾರ

ಖಜೂರಿ
೧೧ ಫೆಬ್ರುವರಿ ೨೦೨೫, ಮಂಗಳವಾರ

ಚಿ. ಸೌ. ಭುವನೇಶ್ವರಿಗೆ ನಿನ್ನ ಅವ್ವನ ಆಶೀರ್ವಾದಗಳು. ಇಲ್ಲಿ ಎಲ್ಲ ಕ್ಷೇಮ ಎಂದು ಮೊದಲ ಸಾಲಿನಲ್ಲೇ ಬರೆಯುವುದು ವಾಡಿಕೆ. ಈ ಸಲ ಆ ಸಾಲನ್ನು ಬಿಟ್ಟಿದ್ದೇನೆ.

ಮೊನ್ನೆ ನೀನು ಜೇವರ್ಗಿಯಿಂದ ಫೋನು ಮಾಡಿ, ಆರು ತಿಂಗಳು ತುಂಬಿತು, ಈ ಹೆರಿಗೆಗೂ ನಿನ್ನ ಹತ್ತಿರಕ್ಕೇ ಬರುತ್ತೇನೆ ಎಂದೆ. "ಅವ್ವಾ, ಈ ಸಲಾನೂ ಕುಂಚಿಗಿ ಮೊದಲ ಹೊಲದಿಡು. ಹುಟ್ಟೂಕ್ಕಿಂತ ಮೊದಲ ಹೊಲಿಬಾರ್ದು ಅನ್ನೂದು ನಾ ನಂಬಂಗಿಲ್ಲ" ಎಂದೂ ಹೇಳಿದೆ. ನಾನು ಹೂಂ ಎಂದೆ. ಒಲೆಯ ಮೇಲೆ ಹಾಲಿಟ್ಟಿದ್ದೇನೆ ಎಂದು ಫೋನು ಇಟ್ಟೆ. ಒಲೆಯ ಮೇಲೆ ಏನೂ ಇರಲಿಲ್ಲ.

ಫೋನಿನಲ್ಲೇ ಹೇಳಬಹುದಿತ್ತಲ್ಲ ಎಂದು ನೀನು ಬೈಯುತ್ತೀ. ಹೇಳಲು ಹೋದರೆ ಅರ್ಧಕ್ಕೇ "ಇರ್ಲಿ ಬಿಡವ್ವ" ಎನ್ನುತ್ತೀ. ನಿನ್ನ ಆ ಮಾತು ಕೇಳಿದರೆ ನನಗೆ ಹೇಳುವುದೇ ಬೇಡವಾಗುತ್ತದೆ, ಎರಡು ವರ್ಷದಿಂದ ಹಾಗೇ ಆಗಿದೆ. ಕಾಗದಕ್ಕಾದರೆ ನಡುವೆ ಬಾಯಿ ಹಾಕಲು ಬರುವುದಿಲ್ಲ. ಏಳನೆಯ ಇಯತ್ತೆಯ ಅಕ್ಷರ, ಸೊಟ್ಟಗಿದ್ದರೂ ಕೊನೆಯವರೆಗೆ ಓದು.

ನೀನು ಚಿಕ್ಕವಳಿದ್ದಾಗ ಓಣಿಯಲ್ಲೆಲ್ಲ ಹೇಳಿಕೊಂಡು ನಗುತ್ತಿದ್ದೆ, ನಮ್ಮವ್ವನ ಕೈಗೆ ಸೂಜಿ ಬಂದರೆ ಕಿವಿ ಕೇಳಿಸುವುದಿಲ್ಲ ಎಂದು. ಹಾಲು ಉಕ್ಕಿ ಒಲೆ ಆರಿದ್ದು, ಆಡು ಒಳಗೆ ಬಂದು ಜೋಳದ ಹಿಟ್ಟು ತಿಂದದ್ದು, ಎಲ್ಲ ನಿನಗೆ ಬಾಯಿಪಾಠ. ನಾನೂ ನಗುತ್ತಿದ್ದೆ. ಸುಳ್ಳೇಕೆ, ಒಳಗೊಳಗೆ ಹೆಮ್ಮೆಯೂ ಇತ್ತು. ನಿಮ್ಮಪ್ಪ ತೀರಿಕೊಂಡ ಮೇಲೆ ನನಗೆ ಸುಖ ಅಂತ ಉಳಿದದ್ದು ಅದೊಂದೇ. ರಸ್ತೆಯಲ್ಲಿ ಉಮರ್ಗಾ ಕಡೆಯ ಲಾರಿ ನಿಂತರೆ, ಡ್ರೈವರ್ ಏನೆಂದುಕೊಂಡಾನು ಎಂಬ ಖಬರಿಲ್ಲದೆ ಹಿಂದಿನ ಹಲಗೆಯ ಮೇಲಿನ ಗಿಳಿಯನ್ನು ನೋಡುತ್ತ ನಿಲ್ಲುತ್ತಿದ್ದೆ. ವಾರದೊಳಗೆ ಆ ಗಿಳಿ ನನ್ನ ಕೌದಿಯ ಮೂಲೆಗೆ ಬಂದು ಕೂತಿರುತ್ತಿತ್ತು. ರೊಟ್ಟಿಯ ಮೇಲೆ ಎದ್ದ ಕಂದು ಚುಕ್ಕಿ, ಬೇಸಿಗೆಯಲ್ಲಿ ಎರೆಹೊಲ ಬಿಡುವ ಬಿರುಕು, ಹಳದಿ ಕುಸುಬೆ ಹೂವು ಒಣಗುತ್ತ ಕೆಂಪಾಗುವುದು, ಏನು ಕಂಡರೂ ಇದಕ್ಕೆ ಯಾವ ಅರಿವೆಯ ತುಂಡು ಸರಿ ಹೋದೀತು ಎಂದೇ ಯೋಚನೆ.

ನಿನ್ನ ಮೊದಲ ಕೂಸಿನ ಕುಂಚಿಗೆಯ ಬಣ್ಣವೂ ಹಾಗೇ ಸಿಕ್ಕಿದ್ದು. ನೀನು ಹೆರಿಗೆಗೆ ಬಂದ ವಾರ ಹೊಲದಲ್ಲಿ ತೊಗರಿ ಹೂ ಬಿಟ್ಟಿತ್ತು. ಹಳದಿ ಹೂವು, ಎಸಳಿನ ಬೆನ್ನಿಗೆ ಕೂದಲಿನಷ್ಟು ಸಣ್ಣ ಕೆಂಪು ಗೆರೆ. ಇಷ್ಟು ವರ್ಷ ಆ ಹೊಲದಲ್ಲಿ ಕಳೆ ತೆಗೆದಿದ್ದೇನೆ, ಆ ಗೆರೆ ಕಂಡದ್ದು ಆ ದಿನವೇ. ಹಳದಿ ಖಣದ ತುಂಡುಗಳನ್ನು ಅಮೀರುನ್ನಿಸಾ ಕೊಟ್ಟಳು. ಆಶಾ ಕಾರ್ಯಕರ್ತೆಯ ಕೆಲಸಕ್ಕೆ ಬಸುರಿಯರ ಮನೆ ತಿರುಗುವಾಗ, ಗಂಡನ ಟೇಲರಿಂಗ್ ಅಂಗಡಿಯ ಚೂರುಗಳನ್ನೂ ನನಗಾಗಿ ಚೀಲದಲ್ಲಿ ಹಾಕಿಕೊಂಡು ಬರುತ್ತಿದ್ದವಳು ಅವಳೇ ತಾನೆ. ತಲೆಯಿಂದ ಬೆನ್ನಿನವರೆಗೆ ಇಳಿಯುವ ಹಳದಿ ಕುಂಚಿಗೆ, ಸುತ್ತಲೂ ಕೆಂಪು ದಾರದ ಅಂಚು, ತುದಿಗೆ ಐದು ಗೊಂಡೆ. ಅಷ್ಟು ಛಂದದ್ದನ್ನು ನಾನು ಅದಕ್ಕೆ ಮೊದಲು ಹೊಲಿದಿರಲಿಲ್ಲ.

ಅದನ್ನು ಕೂಸಿನ ತಲೆಗೆ ಕಟ್ಟಿಯೇ ಮಣ್ಣು ಮಾಡಿದೆವು. ಆಗ ನಿಮ್ಮತ್ತೆ ಗಂಗಾಬಾಯಿ ಎಲ್ಲರ ಮುಂದೆ, "ಹುಟ್ಟೂಕ್ಕಿಂತ ಮೊದಲ ಯಾಕ ಹೊಲದ್ರಿ? ಅದಕ್ಕ ಹಿಂಗಾತು" ಎಂದರು. ಹಸಿ ಬಾಣಂತಿ ನೀನು, ಎದ್ದು ಕೂತು ಅವರ ಜೊತೆ ಜಗಳ ತೆಗೆದೆ. ನಮ್ಮವ್ವನ ಕೈಯಿಂದ ಕೆಟ್ಟದ್ದು ಆಗುವುದಿಲ್ಲ ಎಂದೆ. ಅತ್ತೆಯ ಜೊತೆ ಆರು ತಿಂಗಳು ಮಾತು ಬಿಟ್ಟೆ. ನಾನು ಮೂಲೆಯಲ್ಲಿ ಕೂತು ಸುಮ್ಮನೆ ಕೇಳಿದೆ. ಭುವನಾ, ಆ ಬೈಗುಳ ನನಗೆ ಹಗುರವಾಗಿತ್ತು. ಹೊಲಿದದ್ದು ತಪ್ಪಾಯಿತು ಎಂದು ಊರೆಲ್ಲ ಅಂದುಕೊಂಡರೆ, ಆ ದಿನ ಬೆಳಿಗ್ಗೆ ಏನಾಯಿತು ಎಂದು ಯಾರೂ ಕೇಳುವುದಿಲ್ಲವಲ್ಲ.

ಆ ಬೆಳಿಗ್ಗೆ ನೀನು ಅಡುಗೆಮನೆಯ ಬಾಗಿಲಿಗೆ ಬಂದು, "ನಿನ್ನಿ ಸಂಜಿಯಿಂದ ಕೂಸು ಹೊರಳೇ ಇಲ್ಲವ್ವ" ಎಂದೆ. ಬೆಲ್ಲದ ನೀರು ಕುಡಿದು ಎಡಮಗ್ಗುಲಿಗೆ ಮಲಗು, ಅಮೀರುನ್ನಿಸಾಳನ್ನು ಕೇಳುತ್ತೇನೆ ಎಂದು ನಾನು ಫೋನು ತೆಗೆದುಕೊಂಡು ಹಿತ್ತಲಿಗೆ ಹೋದೆ. ತಿರುಗಿ ಬಂದು, "ಸಂಜಿಗಿ ಹೋದ್ರ ನಡೀತದಂತ, ಹೆದರಬ್ಯಾಡ ಅಂದಾಳ" ಎಂದು ಹೇಳಿದೆ. ನೀನು ನಂಬಿ ಮಲಗಿದೆ. ನಾನು ಕುಂಚಿಗೆಯ ಅಂಚು ಹಿಡಿದು ಕೂತೆ. ಹನ್ನೊಂದಕ್ಕೆ ನೀನು ಮತ್ತೊಮ್ಮೆ ಕರೆದೆ. ಬಂದೆ ಎಂದೆ ನಾನು. ಆಟೋ ಹತ್ತಿದ್ದು ನಾಲ್ಕು ಗಂಟೆಗೆ.

ಆಳಂದದಲ್ಲಿ ಡಾಕ್ಟರಮ್ಮ ಯಂತ್ರ ಇಟ್ಟು ನೋಡಿ, ಬೆಳಿಗ್ಗೆಯೇ ಬಂದಿದ್ದರೆ ಏನಾದರೂ ನೋಡಬಹುದಿತ್ತು ಎಂದರು. ಅವರು ಹಾಗೆನ್ನುವಾಗ ನಾನು ತಲೆ ತಗ್ಗಿಸಿದ್ದೆ. ಅಳುತ್ತಿದ್ದೇನೆ ಎಂದು ನೀವೆಲ್ಲ ತಿಳಿದಿರಿ. ನನ್ನ ಕಣ್ಣು ನೆಲದ ಫರಸಿಯ ಮೇಲಿತ್ತು. ನಾಲ್ಕು ಮೂಲೆ ಕೂಡುವಲ್ಲಿ ಒಂದು ಹೂವಾಗುತ್ತದೆ, ಕೌದಿಗೆ ಚೆನ್ನಾಗಿದೆ ಎಂದು ನೋಡುತ್ತಿತ್ತು. ಇಂಥ ಕಣ್ಣು ಯಾವ ತಾಯಿಗೂ ಬೇಡ.

ಅಳಿಯಂದಿರು ಅಮರನಾಥ ಬಂದವರೇ ಇಷ್ಟು ತಡ ಏಕೆ ಎಂದು ಕೇಳಿದರು. ಅಮೀರುನ್ನಿಸಾ ಹೇಳಿದಳು ಎಂದು ನೀನು ಹೇಳಿದೆ. ಅಷ್ಟರಲ್ಲಿ ಸುದ್ದಿ ತಿಳಿದು ಅವಳೂ ಓಡಿಬಂದಿದ್ದಳು. "ನನಗ ಕೂಸು ಆಡವಲ್ದು ಅಂತ ಹೇಳೇ ಇಲ್ರಿ, ಅಕ್ಕಾರು ಕೆಂಪು ದಾರದ ಉಂಡಿ ಅದಾ ಅಂತ ಫೋನ್ ಮಾಡಿದ್ರು" ಎಂದಳು. ಯಾರು ನಂಬುತ್ತಾರೆ? ಮಗಳ ಹೊಟ್ಟೆಯಲ್ಲಿ ಕೂಸು ಆಡುತ್ತಿಲ್ಲ ಎಂದಾಗ ದಾರ ಕೇಳಲು ಫೋನು ಮಾಡುವ ತಾಯಿ ಇದ್ದಾಳೆಯೇ ಎಂದು ಅಮರನಾಥ ಕೂಗಾಡಿದರು. ನನ್ನ ಫೋನು ಕಸಿದು ನೋಡಿದರು. ಎಂಟೂವರೆಗೆ ಅವಳಿಗೆ ಮಾಡಿದ ಕರೆ ಅಲ್ಲೇ ಇತ್ತು. ಅವಳ ಮಾತು ಮುಗಿಯಲು ಯಾರೂ ಬಿಡಲಿಲ್ಲ. ನಾನು ಸೆರಗು ಬಾಯಿಗಿಟ್ಟುಕೊಂಡು ನಿಂತಿದ್ದೆ.

ಅವಳು ಹೇಳಿದ್ದೇ ಖರೆ.

ಅಂಚಿಗೆ ಹಿಡಿದಿದ್ದ ದಾರ ಒಂದು ಗೇಣಿನಷ್ಟು ಉಳಿದಿತ್ತು. ಅದೇ ಬಣ್ಣ ಸಿಗದಿದ್ದರೆ ಅಂಚು ಕೆಡುತ್ತದೆ ಎಂಬುದೊಂದೇ ತಲೆಯಲ್ಲಿತ್ತು. ದಾರ ಕೇಳಿ ಫೋನು ಇಟ್ಟೆ. ಬೇರೆ ಮಾತಾಗಲಿಲ್ಲ. ಅರ್ಧ ತಾಸಿಗೆ ಅವಳ ಗಂಡ ಉಂಡೆ ತಂದುಕೊಟ್ಟು ಹೋದ. ನಿನಗೆ ಹೇಳಿದ್ದು ಪೂರಾ ಸುಳ್ಳು. ನೀನು ಹೊಟ್ಟೆಯಲ್ಲಿದ್ದಾಗ ಹೀಗೇ ಒಂದು ದಿನ ಸುಮ್ಮನಿದ್ದೆ, ಇದೂ ಹಾಗೇ ಇರಬೇಕು ಎಂದು ಧೈರ್ಯ ಮಾಡಿದೆ ಎಂದು ಎರಡು ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಅದೂ ಅರ್ಧ ಖರೆ, ಅಷ್ಟೇ. ಹೊಲಿಗೆ ಬಿಟ್ಟು ಏಳಲು ಮನಸ್ಸಿರಲಿಲ್ಲ.

ಈಗ ನಮ್ಮ ಓಣಿಯ ಬಸುರಿಯರು ಅಮೀರುನ್ನಿಸಾಳ ಜೊತೆ ದವಾಖಾನೆಗೆ ಹೋಗುವುದಿಲ್ಲ. ಅವಳು ಬಂದರೆ ಮುದುಕಿಯರು ಬಾಗಿಲು ಮುಂದೆ ಮಾಡುತ್ತಾರೆ. ನಮ್ಮ ಮನೆಯ ಮುಂದೆ ಹಾಯುವಾಗ ಅವಳು ಸೆರಗು ಸರಿಮಾಡಿಕೊಂಡು ನೆಲ ನೋಡುತ್ತ ಹೋಗುತ್ತಾಳೆ. ತಪ್ಪು ಮಾಡಿದವಳು ನಾನು, ನೆಲ ನೋಡುವವಳು ಅವಳು. ಮೊನ್ನೆ ಫೋನಿನಲ್ಲಿ ನೀನೇ, "ಆಕಿ ಮಾತ್ರ ನಮ್ಮ ಹೊಸ್ತಿಲ ತುಳಿಬಾರ್ದು" ಎಂದೆಯಲ್ಲ, ಆಗ ನನಗೆ ಊಟ ಸೇರದೆ ಹೋಯಿತು.

ಅದಕ್ಕೇ ಹೇಳುತ್ತೇನೆ, ನನ್ನ ಹತ್ತಿರ ಬರಬೇಡ. ಅಲ್ಲೇ ಇರು, ಇಲ್ಲವೆ ಕಲಬುರಗಿಯ ದೊಡ್ಡ ದವಾಖಾನೆಯ ಸಮೀಪ ಒಂದು ಖೋಲಿ ಹಿಡಿಯಿರಿ. ಗಂಗಾಬಾಯಿಯವರು ಜೊತೆಗಿರಲಿ. ಅವರ ಬಾಯಿ ಕೆಟ್ಟದ್ದು, ಆದರೆ ಕರೆದರೆ ಏಳುತ್ತಾರೆ. ಆ ಸಲ ಡಾಕ್ಟರಮ್ಮನಿಗೆ ಬೆಳಿಗ್ಗೆಯಿಂದ ಕೂಸು ಆಡಿಲ್ಲ ಎಂದು ನಾನೇ ಬರೆಸಿದ್ದೇನೆ. ಹಿಂದಿನ ದಿನ ಸಂಜೆಯಿಂದ ಎಂದು ಹೊಸ ಡಾಕ್ಟರಿಗೆ ಹೇಳು. ಕೂಸು ಒಂದು ಹೊತ್ತು ಸುಮ್ಮನಾದರೂ ಯಾರ ಕೆಲಸ ಮುಗಿಯಲೆಂದೂ ಕಾಯಬೇಡ. ಈ ಪತ್ರವನ್ನು ಅಳಿಯಂದಿರಿಗೂ ಅತ್ತೆಯವರಿಗೂ ಓದಿ ಹೇಳು. ಅಮೀರುನ್ನಿಸಾಳಿಗೆ ನಿಮ್ಮಲ್ಲಿ ಯಾರಾದರೂ ಒಬ್ಬರು ಫೋನು ಮಾಡಬೇಕು.

ಕುಂಚಿಗೆ ಹೊಲಿಯುವುದಿಲ್ಲ. ಆ ದಿನದಿಂದ ಸೂಜಿ ಮುಟ್ಟಿಲ್ಲ. ಕಣ್ಣು ಮಾತ್ರ ಸುಮ್ಮನಿರುವುದಿಲ್ಲ. ನಿನ್ನೆ ಕುಸುಬೆ ಹೊಲದ ಬದಿಗೆ ಹೋಗುವಾಗ ಹೂವು ಕಂಡು ಯಾವ ತುಂಡು ಎಂದು ಹುಡುಕಿತು. ಮುಖ ತಿರುಗಿಸಿಕೊಂಡು ಬಂದೆ.

ಈ ಪತ್ರ ಅಂಚೆಗೆ ಹಾಕುವ ಮೊದಲು ಅವಳ ಮನೆಗೆ ಹೋಗಿ ಓದಿ ಹೇಳಬೇಕೆಂದಿದ್ದೇನೆ. ಅಲ್ಲಿಯವರೆಗೆ ಕಾಲು ನಡೆದರೆ.

ನೀನು ಅವ್ವ ಎಂದು ಕರೆದರೂ ಕರೆಯದಿದ್ದರೂ ನಿನ್ನ ಅವ್ವ,
ಶಿವಕಾಂತಾ

ತಾ.ಕ.: ಹೋಗಿದ್ದೆ. ಅಮೀರುನ್ನಿಸಾ ಕುರ್ಚಿ ಹಾಕಿ ಕೂರಿಸಿ, ನೀರು ಕೊಟ್ಟು, ಎಲ್ಲ ಕೇಳಿದಳು. ಅಳಲಿಲ್ಲ, ಬೈಯಲೂ ಇಲ್ಲ. ಕೊನೆಗೆ, "ಎಲ್ಲಾ ಬರದೀರಿ ಅಕ್ಕಾ. ನಾ ಕೇಳಿದ್ದೊಂದು ಯಾಕ ಬಿಟ್ರಿ?" ಎಂದಳು. ಅದನ್ನು ಅವಳ ಮನೆಯ ಕಟ್ಟೆಯ ಮೇಲೆ ಕೂತು ಬರೆಯುತ್ತಿದ್ದೇನೆ. ಬೇರೆ ಮಾತಾಗಲಿಲ್ಲ ಎಂದು ಮೇಲೆ ಬರೆದದ್ದು ಸುಳ್ಳು. ಆ ದಿನ ಫೋನಿನಲ್ಲಿ ದಾರ ಇದೆ, ಕಳಿಸುತ್ತೇನೆ ಎಂದವಳು, ಇಡುವ ಮೊದಲು, "ಭುವನಾ ಹ್ಯಾಂಗದಾಳ್ರಿ, ಕೂಸು ಆಡ್ತದಾ?" ಎಂದು ಕೇಳಿದ್ದಳು. ಇಲ್ಲ ಎಂದಿದ್ದರೆ ಅವಳು ದಾರ ಬಿಟ್ಟು ಆಟೋ ತರುತ್ತಿದ್ದಳು. ನಾನು, "ಆಡ್ತದ, ಛಂದ ಆಡ್ತದ" ಎಂದೆ.