ಅಲಿಯೊಂಗ್ ಮಾಡಿಕೊಟ್ಟ ಇಮೇಲ್

ಅಕ್ಟೋಬರ್ 6
ಮತ್ತೆ ಅದೇ ಸ್ಪೇಸ್. ಡ್ರೈವರ್‌ಗಳ ಫೋನಿನ ಕೀಬೋರ್ಡ್ ಇಮೇಲ್ ವಿಳಾಸವನ್ನು ತಾನೇ ತುಂಬಿಸಿ, ಕೊನೆಯಲ್ಲಿ ಒಂದು ಖಾಲಿ ಜಾಗ ಬಿಡುತ್ತದೆ. ನಮ್ಮ ಬೈಕ್ ಟ್ಯಾಕ್ಸಿ ಆ್ಯಪ್ ಅದಕ್ಕೆ ‘ತಪ್ಪು ವಿಳಾಸ’ ಎನ್ನುತ್ತದೆ. ಕಣ್ಣಿಗೆ ಕಾಣದ ತಪ್ಪನ್ನು ಬೈಕ್ ಓಡಿಸುವವರು ಎಲ್ಲಿ ಹುಡುಕಬೇಕು? ಹಿಂದುಮುಂದಿನ ಖಾಲಿ ಜಾಗ ಕತ್ತರಿಸಲು ಒಂದು ಸಾಲು ಸೇರಿಸಿದೆ. ಸರಿಹೋಯಿತು.

ಯಜಮಾನರು — ಪಾಕ್ ಹರ್ಯೋಕೊ; ಇಲ್ಲಿ ಹಿರಿಯರೆಲ್ಲ ಗೌರವಕ್ಕೆ ‘ಪಾಕ್’ — ಹೊಸ ಕೆಲಸ ಕೊಟ್ಟರು. ವಿಳಾಸದ ಆಕಾರ ಸರಿಯಿದ್ದರೆ ಸಾಲದಂತೆ. ಪ್ರತಿ ಡ್ರೈವರ್‌ನ ಇಮೇಲ್‌ಗೂ ಒಂದು ಲಿಂಕ್. ಈ ತಿಂಗಳ 20ರೊಳಗೆ ಒತ್ತದವರ ಖಾತೆ ಬಂದ್. ನನಗೂ ಸರಿ ಎನಿಸಿತು. ಇಲ್ಲ@ಇಲ್ಲ ಎಂದು ಬರೆದವರೂ ಇದ್ದಾರೆ. ಸುಳ್ಳು ವಿಳಾಸ ಕಂಡರೆ ಮೈ ಉರಿಯುತ್ತದೆ.

ಅಕ್ಟೋಬರ್ 8
ಬೆಳಿಗ್ಗೆ ಎಂದಿನಂತೆ ಪಾಕ್ ಸುಕಿರ್ ಬೈಕಿನಲ್ಲಿ ಆಫೀಸಿಗೆ. ನಮ್ಮ ಗಲ್ಲಿಯ ಕೊನೆ ಮನೆ ಅವರದು; ನಮ್ಮ ಆ್ಯಪ್‌ಗೇ ಬೈಕ್ ಓಡಿಸುತ್ತಾರೆ. ನಾನು ಶಾಲೆ ಬಿಟ್ಟಾಗ ಅಪ್ಪ ಮಾತು ಬಿಟ್ಟ. ಈ ಮನುಷ್ಯ ಮಾತ್ರ ಬೈಕ್ ನಿಲ್ಲಿಸಿ, ಎಲ್ಲಿಗೆ ಬಿಡಲಿ ಎಂದು ಕೇಳಿದ. ಅಂದಿನಿಂದ ದಿನವೂ ಬಿಟ್ಟಿ ಸವಾರಿ.

ಲಿಂಕ್ ಒತ್ತಿದಿರಾ ಎಂದು ಕೇಳಿದೆ. ಯಾವ ಲಿಂಕ್? ಇಮೇಲ್‌ಗೆ ಬಂದಿದ್ದು.

“ಇಮೇಲ್ ಅಂದ್ರೆ ಫೋನ್ ಶುರುವಾಗ್ಲಿ ಅಂತ ಅಂಗಡಿಯವ್ರು ಹಾಕೋದಲ್ವಾ, ಮಗಳೇ?”

ಗಲ್ಲಿಯ ಎಲ್ಲರದೂ ಇದೇ ಕಥೆ. ಮೂಲೆ ಅಂಗಡಿಯ ಅಲಿಯೊಂಗ್ ಹತ್ತಿರ ಫೋನ್ ಕೊಂಡರು. ಇಮೇಲ್ ಅವನೇ ಮಾಡಿದ, ಪಾಸ್‌ವರ್ಡ್ ಅವನೇ ಇಟ್ಟ, ಪಾಸ್‌ವರ್ಡ್ ಮರೆತರೆ ಕೋಡ್ ಬರಲೆಂದು ಅವನದೇ ನಂಬರ್ ಕೊಟ್ಟ. ಪಾಸ್‌ವರ್ಡ್ ಏನೆಂದು ಯಾರೂ ಕೇಳಲಿಲ್ಲ. ಹೋದ ವರ್ಷ ಅಲಿಯೊಂಗ್ ಸತ್ತ. ಅಂಗಡಿಯಲ್ಲೀಗ ಕೋಳಿ ಕರಿಯುತ್ತಾರೆ.

ಇಮೇಲ್ ಬದಲಿಸಬೇಕೆಂದರೆ ಹಳೆಯ ಇಮೇಲ್‌ಗೇ ಲಿಂಕ್ ಹೋಗುತ್ತದೆ. ಹೊಸ ಖಾತೆ ತೆರೆಯಲು ವಯಸ್ಸು ಐವತ್ತು ದಾಟಿರಬಾರದು. ಸುಕಿರ್‌ಗೆ ಐವತ್ತೇಳು. ಖಾತೆ ಹೋದರೆ ಹೋದಂತೆಯೇ.

ಅಕ್ಟೋಬರ್ 9
ಯಜಮಾನರಿಗೆ ಹೇಳಿದೆ. ಇಂಥವರನ್ನು ಆಫೀಸಿಗೇ ಕರೆಸಿ ಮುಖ ನೋಡಿ ಖಚಿತ ಮಾಡೋಣ ಎಂದೆ. ನಕ್ಕರು.

“ವಯಸ್ಸಾದೋರು ತಾವಾಗೇ ಉದುರ್ತಾರೆ. ನಾನು ತೆಗೆದೆ ಅಂತ ಯಾರೂ ಅನ್ನಲ್ಲ. ಬಿಡು.”

ಅಕ್ಟೋಬರ್ 14
ಇವತ್ತು ಪಾಕ್ ಸುಕಿರ್ ತಾವೇ ಕೇಳಿದರು. ಸಿಗ್ನಲ್‌ನಲ್ಲಿ, ತಿರುಗದೆ.

“ನಿನ್ನ ಕಂಪ್ಯೂಟರಲ್ಲಿ ನನ್ನ ಹೆಸರಿನ ಮುಂದೆ ಒಂದು ಟಿಕ್ ಹಾಕೋಕಾಗಲ್ವಾ?”

ಆಗುತ್ತದೆ. ಸೊನ್ನೆ ಅಳಿಸಿ ಒಂದು ಬರೆದರೆ ಮುಗಿಯಿತು.

“ಆಗುತ್ತೆ ಪಾಕ್. ಆದ್ರೆ ಹಾಕಲ್ಲ. ನೀವು ಲಿಂಕ್ ಒತ್ತಿಲ್ಲ.”

“ನಾನು ಇದೀನೋ ಇಲ್ವೋ ಅಂತ ತಾನೇ ನಿಮ್ಮೋರು ನೋಡ್ತಿರೋದು? ದಿನಾ ನನ್ನ ಬೆನ್ನಿಗೆ ಅಂಟ್ಕೊಂಡು ಬರ್ತೀಯಲ್ಲ, ಗೊತ್ತಾಗ್ಲಿಲ್ವಾ?”

ಹಸಿರು ಬಿತ್ತು. ಇಳಿದಾಗ ಹೆಲ್ಮೆಟ್ ಇಸಕೊಂಡು, ಎಂದಿನಂತೆ ಒಳಗಿನ ಬೆವರು ಒರೆಸಿ ಕೊಕ್ಕೆಗೆ ಹಾಕಿದರು.

ಅಕ್ಟೋಬರ್ 21
ನಿನ್ನೆಗೆ ಗಡುವು ಮುಗಿಯಿತು. ಬೆಳಿಗ್ಗೆ ಸುಕಿರ್ ಹೆಂಡತಿ, ಬು ಸುಕಿರ್, ಕರಿದ ಮೀನಿನ ಪೊಟ್ಟಣ ಹಿಡಿದು ಬಂದರು. ಗಂಡನ ಖಾತೆ ಉಳಿದಿದೆಯಂತೆ. ನಾನೇನೂ ಮಾಡಿಲ್ಲ ಎಂದೆ.

“ಗೊತ್ತು ಬಿಡಮ್ಮ. ಯಾರ ಹತ್ರಾನೂ ಬಾಯಿ ಬಿಡಲ್ಲ.”

ಪೊಟ್ಟಣ ವಾಪಸ್ ಕೊಟ್ಟೆ. ಹೊಸಿಲ ಮೇಲಿಟ್ಟು ಹೋದರು. ಬೆಕ್ಕು ತಿಂದಿತು.

ಆಫೀಸಿನಲ್ಲಿ ನೋಡಿದೆ. ಸುಕಿರ್ ಹೆಸರಿನ ಮುಂದೆ ಸೊನ್ನೆಯಲ್ಲ, ಒಂದು ಇದೆ. ಲಿಂಕ್ ಮಾತ್ರ ಯಾರೂ ತೆರೆದಿಲ್ಲ. ನಮ್ಮ ಗಲ್ಲಿಯ ಉಳಿದ ಮುದುಕರದೂ ಹಾಗೇ. ಆ ಪಟ್ಟಿಯಲ್ಲಿ ಕೈಯಾಡಿಸಬಲ್ಲವರು ಮೂವರೇ — ಯಜಮಾನರು, ನಾನು, ನನಗೆ ಕೋಡ್ ಕಲಿಸಿದ ತೆಗಾರ್. ಎದುರು ಮೇಜಿನ ತೆಗಾರ್ ಇಡೀ ದಿನ ತಲೆ ಎತ್ತಲಿಲ್ಲ. ಇನ್ನೊಂದು ಹೆಸರೂ ಸಿಕ್ಕಿತು: ರೆಸ್ತು. ಯಜಮಾನರ ತಂಗಿಯ ಮಗ. ಅವನ ಮುಂದೆಯೂ ಒಂದು ಇದೆ, ಅವನೂ ಲಿಂಕ್ ಒತ್ತಿಲ್ಲ.

ಅಕ್ಟೋಬರ್ 22
ಮೀಟಿಂಗ್‌ನಲ್ಲಿ ಹೇಳಿಬಿಟ್ಟೆ. ರೆಸ್ತುವಿನ ಟಿಕ್ ಕೈಯಿಂದ ಹಾಕಿದ್ದು ಎಂದು. ಎಲ್ಲರೆದುರು.

ಯಜಮಾನರಿಗೆ ಬೇಸರವೇ ಆಗಲಿಲ್ಲ. ಅಲ್ಲೇ ರೆಸ್ತುವಿಗೆ ಫೋನ್ ಮಾಡಿದರು. ಅವನು ಇಮೇಲ್ ತೆರೆದು ಲಿಂಕ್ ಒತ್ತಿದ. ಕಾಫಿ ಆರುವ ಮೊದಲೇ ಅವನು ನಿಜವಾದ ಮನುಷ್ಯನಾದ.

“ಆಯ್ತಲ್ಲ. ಇದೊಂದೇನಾ, ಇನ್ನೂ ಇದ್ಯಾ?”

ನನ್ನನ್ನೇ ನೋಡುತ್ತಿದ್ದರು. ಮೇಜಿನ ಕೆಳಗೆ ತೆಗಾರ್ ನನ್ನ ಕಾಲು ಒತ್ತಿದ. ಬಲವಾಗಿ.

“ಇವೆ,” ಎಂದೆ.

“ಅದಕ್ಕೇ ನಿನ್ನ ಇಟ್ಕೊಂಡಿರೋದು. ಸರ್ಟಿಫಿಕೇಟ್ ಇಲ್ದಿದ್ರೇನು, ಸುಳ್ಳಿಲ್ಲ.” ಆಮೇಲೆ, “ನೀನೇ ತೆಗೆದುಹಾಕು.”

ನಾನೇ ಬರೆದೆ. ಒಂದೇ ಸಾಲು — ಲಿಂಕ್ ತೆರೆಯದ ಎಲ್ಲ ಖಾತೆಗಳೂ ಬಂದ್. ಒಂದು ದೋಷವೂ ಇಲ್ಲದೆ ಓಡಿತು.

ಮೂವರಲ್ಲಿ ಉಳಿದವನು ತೆಗಾರ್ ಒಬ್ಬನೇ; ಅವನಿಗೆ ನಾಳೆಯಿಂದ ಬರಬೇಡ ಎಂದರು. ಮೆಟ್ಟಿಲಲ್ಲಿ ಸಿಕ್ಕ. ಕೂಗಾಡಲಿಲ್ಲ.

“ಶಾಲೇಲೂ ಹೀಗೇ ಮಾಡಿದ್ಯಂತಲ್ಲ. ಪರೀಕ್ಷೇಲಿ ಮೇಷ್ಟ್ರು ಉತ್ತರ ಹೇಳ್ಕೊಟ್ರು ಅಂತ. ಆಗ ಎಷ್ಟು ಜನ ಫೇಲಾದ್ರು?”

ಇಡೀ ತರಗತಿ. ಅದನ್ನೂ ಹೇಳಿದೆ.

ಅಕ್ಟೋಬರ್ 29
ಏಳು ದಿನದಿಂದ ಬರೆದಿಲ್ಲ.

ಖಾತೆ ಹೋದ ಮೇಲೆ ಸುಕಿರ್ ಕಂಪನಿಯ ಜಾಕೆಟ್ ವಾಪಸ್ ಕೊಡಬೇಕಿತ್ತು. ಬು ಸುಕಿರ್ ಅದನ್ನು ತೊಳೆದು, ಇಸ್ತ್ರಿ ಮಾಡಿ ನನ್ನ ಕೈಲಿ ಕೊಟ್ಟುಕಳಿಸಿದ್ದರು. ಯಜಮಾನರು ಬೆರಳ ತುದಿಯಲ್ಲಿ ಹಿಡಿದು ರಟ್ಟಿನ ಪೆಟ್ಟಿಗೆಗೆ ಹಾಕಿದರು.

ಆದರೂ ಬೆಳಿಗ್ಗೆ ಸುಕಿರ್ ಬೈಕಿನ ಹಾರ್ನ್ ಆಗುತ್ತದೆ. ಹೇಗೂ ಕೆಲಸವಿಲ್ಲ, ಬಾ ಕೂತ್ಕೋ ಎನ್ನುತ್ತಾರೆ. ಜಾಕೆಟ್ ಇಲ್ಲದ ಬೆನ್ನು ಇಷ್ಟು ಸಣ್ಣದೆಂದು ಗೊತ್ತಿರಲಿಲ್ಲ. ಇವತ್ತು ಸೇತುವೆ ಮೇಲೆ ಹೇಳಿದರು:

“ಕೆಲ್ಸ ಬಿಟ್ಟು ಹೋದ್ನಲ್ಲ, ಆ ಓದಿದ ಹುಡುಗ, ಅವ್ನದೇ ಕೆಲ್ಸ ಇದು. ನೀನು ಕಷ್ಟಪಟ್ಟು ಉಳಿಸಿದ್ದನ್ನ ಅವ್ನು ಹೋಗಿ ಚಾಡಿ ಹೇಳಿ ಕೆಡಿಸ್ದ.”

ಅದು ಪ್ರಶ್ನೆಯಾಗಿರಲಿಲ್ಲ. ಹಾಗಾಗಿ ಉತ್ತರಿಸಲಿಲ್ಲ. ಸುಳ್ಳು ಹೇಳಿದಂತಾಗಲಿಲ್ಲ... ಆಗಲಿಲ್ಲ ತಾನೇ?

ಅಕ್ಟೋಬರ್ 30, ಬೆಳಿಗ್ಗೆ 7
ಹೊರಗೆ ಒಂದಲ್ಲ, ನಾಲ್ಕು ಬೈಕ್. ಗಲ್ಲಿಯವರೇ, ಎಲ್ಲರೂ ಜಾಕೆಟ್ ಕಳಕೊಂಡವರು. ಸುಕಿರ್ ಕಿಟಕಿಗೆ ಬಂದು ಮೆಲ್ಲಗೆ ಹೇಳಿದರು —

“ಇವತ್ತು ದಾರೀಲಿ ಆ ಹುಡುಗನ ರೂಮ್ ತೋರ್ಸು, ಮಗಳೇ. ಅಷ್ಟೇ ಸಾಕು. ಮಿಕ್ಕಿದ್ದು ನಾವು ಮಾತಾಡ್ಕೋತೀವಿ.”

ಒಬ್ಬನ ಕೈಯಲ್ಲಿ ಬೈಕಿನ ಚೈನು. ಬಟ್ಟೆ ಸುತ್ತಿದ್ದಾನೆ.

ಹೆಲ್ಮೆಟ್ ಹಾಕಿಕೊಂಡಿದ್ದೇನೆ. ಮತ್ತೆ ಹಾರ್ನ್. ಹೇಳಬೇಕಾದ್ದನ್ನು ಬರೆದುಕೊಂಡು ಹೋದರೆ ನಾಲಿಗೆ ತಡವರಿಸುವುದಿಲ್ಲ. ಪಾಕ್, ತೆಗಾರ್ ಅಲ್ಲ. ನಿಮ್ಮನ್ನ ಉಳಿಸಿದ್ದು ಅವನು. ಹೇಳಿದ್ದು